ಮುಳುಗಲು ಕಲಿತವರು



ಸಾದಲಿ ಹೋಬಳಿಯ ನಿಮ್ಮ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಜಲಾಂತರ್ಗಾಮಿಯ ಮಾದರಿಯೊಂದಿದೆ. ಕೆರೆ, ಕೊಳವೆಬಾವಿಗಳನ್ನು ನಂಬಿ ಬದುಕುವ ಈ ಬಯಲುಸೀಮೆಗೂ ಕಡಲಿನ ಹಡಗಿಗೂ ಏನು ನಂಟು ಎಂದು ಕೆಲವರಿಗೆ ಅನ್ನಿಸಬಹುದು. ನಂಟು ಇದೆ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ವಿಶಾಖಪಟ್ಟಣದ ಬಂದರನ್ನು ಕಡಲ್ಕೊರೆತದಿಂದ ಕಾಪಾಡಲು ಉಪಾಯ ಹೇಳಿಕೊಟ್ಟವರು. ಅದೇ ಊರಿನ ಸಮುದ್ರ ದಂಡೆಯ ಮೇಲೆ ಇವತ್ತು ಐಎನ್‌ಎಸ್ ಕುರ್ಸುರ ಎಂಬ ಜಲಾಂತರ್ಗಾಮಿ ನಿಂತಿದೆ.

ಕುರ್ಸುರ ನೌಕಾಪಡೆಗೆ ಸೇರಿದ್ದು 1969ರ ಡಿಸೆಂಬರ್ 18ರಂದು, ಆಗಿನ ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ. ಕಲ್ವರಿ, ಖಂಡೇರಿ, ಕರಂಜ್ ಆದ ಮೇಲೆ ಇದು ನಮ್ಮ ನಾಲ್ಕನೆಯ ಜಲಾಂತರ್ಗಾಮಿ. ಉದ್ದ ಸುಮಾರು 91 ಮೀಟರ್, ಒಳಗೆ ಎಪ್ಪತ್ತೈದು ಜನ. ಹಡಗು ಕೈಗೆ ಬರುವ ಮೊದಲೇ ನಮ್ಮವರು ಸೋವಿಯತ್ ನಾಡಿಗೆ ಹೋಗಿ, ರಷ್ಯನ್ ಭಾಷೆ ಕಲಿತು, ಆ ಭಾಷೆಯಲ್ಲೇ ಯಂತ್ರಗಳನ್ನು ಕಲಿತರು.

ಮಕ್ಕಳೇ, ಜಲಾಂತರ್ಗಾಮಿ ಮುಳುಗುವ ಬಗೆ ನಿಮಗೆ ಗೊತ್ತಿರುವುದೇ. ಬಿಂದಿಗೆಯನ್ನು ಕೆರೆಯಲ್ಲಿ ಓರೆ ಮಾಡಿದರೆ ಗಾಳಿ ಹೊರಬಂದು ನೀರು ತುಂಬುತ್ತದೆ, ಬಿಂದಿಗೆ ಇಳಿಯುತ್ತದೆ. ಜಲಾಂತರ್ಗಾಮಿಯ ಪಕ್ಕದ ತೊಟ್ಟಿಗಳಿಗೂ ಹೀಗೇ ನೀರು ಬಿಡುತ್ತಾರೆ. ಮೇಲೇಳಬೇಕಾದಾಗ ಒತ್ತಿ ತುಂಬಿಟ್ಟ ಗಾಳಿಯಿಂದ ಆ ನೀರನ್ನು ಹೊರದಬ್ಬುತ್ತಾರೆ. ಕುರ್ಸುರದಂಥ ಹಡಗಿನ ಡೀಸೆಲ್ ಎಂಜಿನ್‌ಗೆ ಗಾಳಿ ಬೇಕು. ಆದ್ದರಿಂದ ಆಳದಲ್ಲಿ ಬ್ಯಾಟರಿಯೇ ಗತಿ. ಒಬ್ಬ ತಪ್ಪು ಕವಾಟ ತಿರುಗಿಸಿದರೆ ಎಲ್ಲರ ಜೀವಕ್ಕೂ ಸಂಚಕಾರ. ಹಾಗಾಗಿ ಅಡುಗೆಯವನಿಂದ ಹಿಡಿದು ಅಧಿಕಾರಿಯವರೆಗೆ ಪ್ರತಿಯೊಬ್ಬರೂ ಇಡೀ ಹಡಗನ್ನು ಅರಿತಿರಬೇಕು. ಪರೀಕ್ಷೆಯಲ್ಲಿ ಗೆದ್ದವರಿಗಷ್ಟೇ ಎದೆಯ ಮೇಲೆ ಡಾಲ್ಫಿನ್ ಬಿಲ್ಲೆ.

1971ರ ಯುದ್ಧದ ಹೊತ್ತಿನಲ್ಲಿ ಕುರ್ಸುರ ಅರಬ್ಬೀ ಸಮುದ್ರದಲ್ಲಿ ಗಸ್ತು ತಿರುಗಿತು. ಗುರುತು ಖಚಿತವಾಗದೆ ಯಾವ ಹಡಗಿನ ಮೇಲೂ ದಾಳಿ ಮಾಡಕೂಡದೆಂಬ ಕಟ್ಟಪ್ಪಣೆಯಿತ್ತು. ಅದು ಯಾವ ಹಡಗನ್ನೂ ಮುಳುಗಿಸಲಿಲ್ಲ. ಟಾರ್ಪೆಡೊ ಕೈಯಲ್ಲಿದ್ದೂ ಕೈ ಬಿಗಿಹಿಡಿಯುವುದು ತರಬೇತಿಯ ಕಠಿಣ ಪಾಠ.

ಯುದ್ಧ ಮುಗಿದ ಮೇಲೂ ಕಲಿಕೆ ನಿಲ್ಲಲಿಲ್ಲ. 1974ರಲ್ಲಿ ವಿಶಾಖಪಟ್ಟಣದಲ್ಲಿ ಐಎನ್‌ಎಸ್ ಸಾತವಾಹನ ಆರಂಭವಾಯಿತು; ಜಲಾಂತರ್ಗಾಮಿಯ ನಾವಿಕರು ತಯಾರಾಗುವ ಶಾಲೆ ಅದು. 1980ರಲ್ಲಿ ಬಿಡಿಭಾಗಗಳಿಗೆ ಅಭಾವವಾದಾಗ ಕುರ್ಸುರ ಬದಿಗೆ ಸರಿದು, ತನ್ನ ಭಾಗಗಳನ್ನು ಜೊತೆಯ ಹಡಗುಗಳಿಗೆ ಕೊಟ್ಟಿತು. ಆಮೇಲೆ ದುರಸ್ತಿಯಾಗಿ 1985ರಲ್ಲಿ ಮತ್ತೆ ನೀರಿಗಿಳಿಯಿತು. 2001ರ ಫೆಬ್ರವರಿ 27ರಂದು ನಿವೃತ್ತಿ, ಮರುವರ್ಷವೇ ವಸ್ತುಸಂಗ್ರಹಾಲಯ. ಈಗ ನಿಮ್ಮಂಥ ಮಕ್ಕಳು ಅದರ ಹೊಟ್ಟೆಯೊಳಗೆ ನಡೆದಾಡಿ ಕಲಿಯುತ್ತಾರೆ.

ಗೆದ್ದ ಹಡಗುಗಳ ಹೆಸರನ್ನು ಎಲ್ಲರೂ ಹೇಳುತ್ತಾರೆ. ಕಲಿಸಿದ ಹಡಗಿಗೂ ಅಷ್ಟೇ ಗೌರವ ಸಲ್ಲಬೇಕು ಎನ್ನುವುದಷ್ಟೇ ನನ್ನ ಮಾತು.

ಮಕ್ಕಳೇ, ಇವತ್ತು ನಿಮ್ಮ ಮಾದರಿಯ ಮುಂದೆ ನಿಂತಾಗ ಚೀಟಿ ನೋಡಿ ಓದಬೇಡಿ. ಯಾವ ಕೊಳವೆ ಯಾಕಿದೆ ಎಂದು ಬೆರಳಿಟ್ಟು ತೋರಿಸಿ. ಹಿರಿಯರೇ, ಚೆನ್ನಾಗಿದೆ ಎಂದು ಬೆನ್ನು ತಟ್ಟಿ ಮುಂದೆ ಹೋಗಬೇಡಿ. ಒಂದೊಂದು ಮೇಜಿನ ಬಳಿಯೂ ಒಂದು ಪ್ರಶ್ನೆ ಕೇಳಿ. ಉತ್ತರ ತಡವರಿಸಿದರೆ ಸಂಜೆಯೊಳಗೆ ಕಲಿತು ಹೇಳಲು ಬಿಡಿ.

ಈ ವಸ್ತುಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.