ಗಾಡಿ ನಿಂತ ಮೇಲೆ: ಕೊಟ್ಟೂರು ಮಾರ್ಗದ ಕಥೆ



ಕೊಪ್ಪಳ ತಾಲೂಕಿನ ಇರಕಲ್ಲಗಡದಂಥ ಊರಿನವರಿಗೆ ಬಹುಕಾಲ ರೈಲು ಎಂದರೆ ಕೊಪ್ಪಳದ ಸ್ಟೇಷನ್ನೇ. ಆ ಮಾರ್ಗವನ್ನು ಹಾಕಿದ್ದು 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ. ಧಾತು ಸಂವತ್ಸರದ ಬರಗಾಲದಲ್ಲಿ, ಅಂದರೆ 1876-78ರಲ್ಲಿ, ಕಾಳುಕಡಿ ಸಾಗಿಸಲು ದಾರಿಯಿಲ್ಲದೆ ಜನ ಸತ್ತ ಮೇಲೆಯೇ ಸರಕಾರಕ್ಕೆ ಈ ಸೀಮೆಗೂ ರೈಲು ಬೇಕೆಂದು ತೋಚಿದ್ದು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜಿನ ಒಂದು ಕವಲು ಹೊರಟಿತು.

ಮೀಟರ್ ಗೇಜ್ ಎಂದರೆ ಎರಡು ಹಳಿಗಳ ನಡುವೆ 1000 ಮಿಲಿಮೀಟರ್ ಅಂತರ. ಬ್ರಾಡ್ ಗೇಜಿನಲ್ಲಿ 1676. ಅಗಲ ಬದಲಾದಲ್ಲಿ ಪ್ರತಿ ಮೂಟೆಯನ್ನೂ ಇಳಿಸಿ ಇನ್ನೊಂದು ಗಾಡಿಗೆ ಏರಿಸಬೇಕು. ಈ ತೊಡಕು ನೀಗಲೆಂದೇ 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜಿನ ಯೋಜನೆ ಬಂತು. ಒಳ್ಳೆಯ ಯೋಜನೆಯೇ. ಆದರೆ 1995ರಲ್ಲಿ ನಿಂತ ಕೊಟ್ಟೂರಿನ ಪ್ರಯಾಣಿಕರ ಗಾಡಿ ಮರಳಿ ಬಂದದ್ದು 2019ರಲ್ಲಿ! ಕೊಟ್ಟೂರೇಶ್ವರನ ತೇರಿಗೆ ಬರುವ ಭಕ್ತರೂ ಹೊಸಪೇಟೆಗೆ ಓದಲು ಹೋಗುವ ಹುಡುಗರೂ ಅಷ್ಟೂ ವರ್ಷ ಬಸ್ಸನ್ನೇ ನೆಚ್ಚಬೇಕಾಯಿತು. ಗಾಡಿ ನಿಂತಾಗ ಶಾಲೆಗೆ ಸೇರಿದ ಮಗು, ಅದು ಮತ್ತೆ ಬರುವ ಹೊತ್ತಿಗೆ ತನ್ನ ಮಗುವನ್ನೇ ಶಾಲೆಗೆ ಸೇರಿಸುವ ವಯಸ್ಸಿಗೆ ಬಂದಿತ್ತು.

ಇಂಥ ಹಳೆಯ ಮೀಟರ್ ಗೇಜ್ ನಿಲ್ದಾಣಗಳಲ್ಲಿ ನೋಡಬೇಕಾದದ್ದೇನು? ಮೊದಲು ಪ್ಲಾಟ್‌ಫಾರಂ ನೋಡಿ. ಬಹುಮಟ್ಟಿಗೆ ಅದು ತಗ್ಗು. ಉಗಿಬಂಡಿಗೆ ನೀರು ಬೇಕಿದ್ದುದರಿಂದ ಕೆಲವೆಡೆ ಬಾವಿ, ನೀರಿನ ತೊಟ್ಟಿಯ ಕಲ್ಲುಗಂಬಗಳು ಉಳಿದಿರುತ್ತವೆ. ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಟೋಕನ್ ಯಂತ್ರ ಇರುತ್ತಿತ್ತು. ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರಾಗಬಾರದಲ್ಲ! ಅಕ್ಕಪಕ್ಕದ ಎರಡು ನಿಲ್ದಾಣಗಳ ಯಂತ್ರಗಳಿಗೆ ವಿದ್ಯುತ್ ತಂತಿಯ ಸಂಬಂಧ. ಎರಡೂ ಕಡೆಯ ಮಾಸ್ತರರು ಒಪ್ಪಿದರೆ ಮಾತ್ರ ಒಂದು ಲೋಹದ ಗುಂಡು ಹೊರಬರುತ್ತಿತ್ತು. ಅದು ಯಾವುದಾದರೊಂದು ಯಂತ್ರಕ್ಕೆ ಮರಳುವ ತನಕ ಎರಡನೆಯದು ಬರುತ್ತಿರಲಿಲ್ಲ. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಆ ಗುಂಡು ಕೈಸೇರದೆ ಡ್ರೈವರ್ ಮುಂದೆ ಹೊರಡುವಂತಿರಲಿಲ್ಲ. ಕಂಪ್ಯೂಟರ್ ಕಾಣದ ಕಾಲದ ಈ ಬುದ್ಧಿವಂತಿಕೆ ನನಗೆ ಇಂದಿಗೂ ಬೆರಗು.

2025ರ ಮೇ ತಿಂಗಳಲ್ಲಿ ನಿಮ್ಮ ಕುಷ್ಟಗಿಗೂ ರೈಲು ಬಂದಿದೆ. ಹೊಸ ನಿಲ್ದಾಣ ನೋಡಲು ಹೋಗುವವರು ಒಮ್ಮೆ ಹಳೆಯದಕ್ಕೂ ಹೋಗಿ. ಓಡುವ ಹಳಿಯ ಹತ್ತಿರ ಬೇಡ. ಬೇಲಿಗೆ, ಛಾವಣಿಗೆ ಕಂಬವಾಗಿ ನೆಟ್ಟ ಹಳೆಯ ಹಳಿಯ ತುಂಡು ಹುಡುಕಿ. ಅದರ ಮಗ್ಗುಲಲ್ಲಿ ಕಾರ್ಖಾನೆಯ ಹೆಸರು, ತಯಾರಾದ ವರ್ಷ ಉಬ್ಬಕ್ಷರದಲ್ಲಿ ಇರುವುದುಂಟು. ಸವೆದು ಓದಲು ಬಾರದಿದ್ದರೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿರಿ, ಮೂಡುತ್ತದೆ.