ವಸ್ತಾದರ ಪ್ರಶ್ನೆ

ಎಳೆಯ ವಯಸ್ಸಿನಲ್ಲಿ ನಾನು ಮೈಸೂರಿನ ಒಂದು ಗರಡಿಮನೆಗೆ ಹೋಗುತ್ತಿದ್ದೆ. ಅಲ್ಲಿ ಒಮ್ಮೆ ನನ್ನ ಓರಗೆಯ ಮುಸಲ್ಮಾನ ಹುಡುಗನೊಬ್ಬನು ನನ್ನನ್ನು ಚಿತ್ ಮಾಡಿದನು. ಸೋಲಿನ ಸಿಟ್ಟಿನಲ್ಲಿ ನಾನು, "ಈ ವಿದ್ಯೆ ನಮ್ಮದು, ನಿಮ್ಮದಲ್ಲ" ಎಂದುಬಿಟ್ಟೆ. ನಮ್ಮ ಗುರುಗಳು ಗದರಲಿಲ್ಲ. "ಹಾಗಾದ್ರೆ ನನ್ನನ್ನ ವಸ್ತಾದ್ ಅಂತ ಯಾಕೋ ಕರೀತೀಯ? ಆ ಮಾತು ಯಾರ್ದು?" ಎಂದಷ್ಟೇ ಕೇಳಿದರು. ಉತ್ತರ ತಿಳಿಯಲು ನನಗೆ ಬಹುಕಾಲ ಬೇಕಾಯಿತು.

ಕೇಳುಗ ಮಿತ್ರರೇ, ನನ್ನ ಹೆಮ್ಮೆಗೆ ಆಧಾರವೇ ಇರಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವೇ ಇದೆ. ಮಲ್ಲರ ತರಗತಿಗಳು, ಅವರ ಆಹಾರ, ಅಭ್ಯಾಸ, ಪಟ್ಟುಗಳು ಅಲ್ಲಿ ನಿರೂಪಿತವಾಗಿವೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ಅನೇಕರು ಬಲ್ಲರು. ತಲೆ ಬೋಳಿಸಿಕೊಂಡ ಜೆಟ್ಟಿಗಳು ಮುಷ್ಟಿಯಲ್ಲಿ ಮೊನಚಾದ ಆಯುಧ ಧರಿಸಿ ಸೆಣಸುತ್ತಾರೆ. ನೆತ್ತರು ಕಾಣಿಸಿದೊಡನೆ ಕಾಳಗ ಮುಗಿಯುತ್ತದೆ.

ಆದರೆ ನಾವು ಗರಡಿಯಲ್ಲಿ ಕಲಿಯುತ್ತಿದ್ದುದು ಕುಸ್ತಿ. ಕುಸ್ತಿ ಎಂಬ ಪದ ಪಾರಸಿಯದು. ಪೈಲ್ವಾನ ಎಂಬುದೂ ಅಲ್ಲಿಯದೇ. ತಾಲೀಮು ಅರಬ್ಬಿಯಿಂದ ಬಂದದ್ದು. ಪಾರಸಿಯ ಉಸ್ತಾದನೇ ನಮ್ಮ ಬಾಯಲ್ಲಿ ವಸ್ತಾದನಾದನು. ಮೊಗಲರ ಕಾಲದಲ್ಲಿ ಇರಾನಿನ ಪಹಲವಾನರ ಪದ್ಧತಿಯೂ ಈ ನಾಡಿನ ಮಲ್ಲಯುದ್ಧವೂ ಬೆರೆತು ಇಂದಿನ ಕುಸ್ತಿ ರೂಪುಗೊಂಡಿತು. ಪಾರಸಿ ಹೆಸರಿನ ಆ ವಿದ್ಯೆಯನ್ನು ನಾವು ದಿನವೂ ಹನುಮಂತನ ಪಟಕ್ಕೆ ಕೈಮುಗಿದು ಆರಂಭಿಸುತ್ತಿದ್ದೆವು. ಅದು ನಮಗಾರಿಗೂ ವಿಚಿತ್ರವೆನಿಸಿರಲಿಲ್ಲ.

ಇಂಥ ಬೆರಕೆ ಬೇರೆ ನಾಡುಗಳಲ್ಲಿಯೂ ಉಂಟು. ಓಕಿನಾವಾ ದ್ವೀಪದ ಕರಾಟೆಯು ಅಲ್ಲಿಯ ಕಾದಾಟದ ರೀತಿಗಳೂ ಚೀನದಿಂದ ಬಂದ ವರಸೆಗಳೂ ಕೂಡಿ ಬೆಳೆದ ವಿದ್ಯೆ. ಆ ಹೆಸರನ್ನು ಮೊದಲು 'ಚೀನದ ಕೈ' ಎಂಬ ಅರ್ಥ ಬರುವಂತೆ ಬರೆಯುತ್ತಿದ್ದರು. ಜಪಾನಿಗೂ ಚೀನಕ್ಕೂ ವೈರ ಬೆಳೆದ 1930ರ ದಶಕದಲ್ಲಿ, ಉಚ್ಚಾರವನ್ನು ಹಾಗೆಯೇ ಉಳಿಸಿ, 'ಬರಿಗೈ' ಎಂಬ ಅರ್ಥ ಕೊಡುವ ಅಕ್ಷರವನ್ನು ರೂಢಿಗೆ ತಂದರು. ವರಸೆಗಳು ಮಾತ್ರ ಮೊದಲಿನವೇ ಉಳಿದವು.

ಉತ್ತರ ಹೊತ್ತುಕೊಂಡು ನಾನು ಮತ್ತೆ ಗರಡಿಗೆ ಹೋದಾಗ ಗುರುಗಳು ತೀರಿಕೊಂಡಿದ್ದರು. ಅಂದು ನನ್ನನ್ನು ಚಿತ್ ಮಾಡಿದ್ದ ಗೆಳೆಯನೇ ಹುಡುಗರಿಗೆ ಪಟ್ಟು ಹೇಳಿಕೊಡುತ್ತಿದ್ದನು. "ವಸ್ತಾದರೇ" ಎಂದು ಕರೆದೆ. ಆತ ತಿರುಗಿ ನೋಡಿ ನಕ್ಕನು. "ಚಪ್ಪಲಿ ಬಿಟ್ಟು ಬಾರೋ" ಎಂದನು.