ಮಕ್ಕಳ ಊಟದ ಡಬ್ಬಿ



2021ರಲ್ಲಿ ಉತ್ತರ ಕರ್ನಾಟಕದ 7 ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಯೋಜನೆ ನಿಲ್ಲಲಿಲ್ಲ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ 6 ದಿನವಾಯಿತು. ಮೊಟ್ಟೆ ಬೇಡದವರಿಗೆ ಬಾಳೆಹಣ್ಣು. ಒಂದೇ ಸಾಲಿನಲ್ಲಿ ಕುಳಿತು ಇಬ್ಬರೂ ಉಣ್ಣುತ್ತಾರೆ.

ಮನೆಯಿಂದ ತರುವ ಡಬ್ಬಿಗೆ ಕೆಲವು ಖಾಸಗಿ ಶಾಲೆಗಳಲ್ಲಿ ಈ ಆಯ್ಕೆಯೂ ಇಲ್ಲ. ಮೊಟ್ಟೆ, ಮೀನು ಕಳಿಸಬೇಡಿ ಎಂದು ಚೀಟಿ ಬರುತ್ತದೆ. ಚಿಪ್ಸ್ ಪೊಟ್ಟಣ ಬೇಡವೆಂದರೆ ನಾನೂ ಒಪ್ಪುತ್ತೇನೆ. ಆದರೆ ಎಲ್ಲರೆದುರು ಮುಚ್ಚಳ ತೆಗೆಸಿ ನೋಡುವುದು ಶಿಕ್ಷಕರ ಕೆಲಸವಲ್ಲ. ಆ ಮಗು ಮರುದಿನ ಹಸಿವಿಲ್ಲ ಎನ್ನುತ್ತದೆ. ಡಬ್ಬಿ ಹಾಗೇ ಮನೆಗೆ ಬರುತ್ತದೆ.

ತಾಯಂದಿರೇ, ಸುಮ್ಮನೆ ಉಪ್ಪಿಟ್ಟು ಕಟ್ಟಿಕೊಡಬೇಡಿ. ಪಾಲಕರ ಸಭೆಗೆ ಹೋಗಿ, ನಿಯಮವನ್ನು ಬರಹದಲ್ಲಿ ಕೇಳಿ. ವಿದ್ಯಾರ್ಥಿವೇತನದ ಅರ್ಜಿ ತುಂಬಿದ ನಿಮ್ಮ ಮಕ್ಕಳೇ ಆ ಮನವಿ ಬರೆದುಕೊಡಬಲ್ಲರು.